ಕಸ್ಟಮ್ ಫೀಲ್ಡ್ ನಂಬಿ ಸದಸ್ಯರ ಮಾಹಿತಿ ಕಳೆದುಕೊಂಡೆವು, ನೀವಾದರೂ ಹುಷಾರಾಗಿರಿ

ಸಂಘ, ಟ್ರಸ್ಟ್, ಬಡಾವಣೆ ಅಸೋಸಿಯೇಷನ್ ನಡೆಸುವವರು ದಯವಿಟ್ಟು ಪೂರ್ತಿ ಓದಿ. ಸದಸ್ಯರ ಲೆಕ್ಕ ಇಡುವ ಸಾಫ್ಟ್‌ವೇರ್ ಕೊಳ್ಳುವ ಯೋಚನೆ ಇದ್ದರಂತೂ ಓದಲೇಬೇಕು. ಎರಡು ವಾರ ಆಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಬೆಂಗಳೂರಿನ ಒಂದು ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ. 612 ಸದಸ್ಯರಿದ್ದೇವೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುವ ಸಂಘ, ಅಂದರೆ ವರ್ಷ ವರ್ಷ ಸಭೆ, ಆಡಿಟ್, ರಿಜಿಸ್ಟ್ರಾರ್ ಆಫೀಸಿಗೆ ಪಟ್ಟಿ, ಇದೆಲ್ಲ ನಿಮಗೂ ಗೊತ್ತಿರುವುದೇ. ಇಷ್ಟು ವರ್ಷ ಒಂದು ದಪ್ಪ ರಿಜಿಸ್ಟರ್, ಒಂದು ಎಕ್ಸೆಲ್ ಶೀಟ್, ಇಷ್ಟರಲ್ಲೇ ನಡೆಯುತ್ತಿತ್ತು. ಜನವರಿಯಲ್ಲಿ ಸಾಫ್ಟ್‌ವೇರ್ ಕೊಂಡೆವು. ವರ್ಷಕ್ಕೆ 18,000, ಜಿಎಸ್‌ಟಿ ಸೇರಿ 21,240 ರೂಪಾಯಿ. ಸದಸ್ಯರ ದುಡ್ಡು ಅದು.

ಡೆಮೊ ದಿನ ನಾನು ಕೇಳಿ ಕೇಳಿ ಖಚಿತ ಮಾಡಿಕೊಂಡಿದ್ದೆ. ನಮ್ಮಲ್ಲಿ ಆಜೀವ, ವಾರ್ಷಿಕ, ಗೌರವ ಅಂತ ಮೂರು ಬಗೆ ಸದಸ್ಯರಿದ್ದಾರೆ, ರಸೀದಿ ನಂಬರ್ ಬೇಕು, ವಾಯಿದೆ ಮುಗಿಯುವ ದಿನಾಂಕ ಬೇಕು, ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಎಲ್ಲದಕ್ಕೂ ಒಂದೇ ಉತ್ತರ. "ಆಗುತ್ತೆ ಸರ್. ಯಾವ ಫೀಲ್ಡ್ ಬೇಕೋ ಹಾಕ್ಕೊಳ್ಳಿ, ಕಸ್ಟಮ್ ಫೀಲ್ಡಿಗೆ ಲಿಮಿಟ್ಟೇ ಇಲ್ಲ." ಕಸ್ಟಮ್ ಫೀಲ್ಡ್ ಅಂದರೆ ನಮಗೆ ಬೇಕಾದ ಹಾಗೆ ನಾವೇ ಸೇರಿಸಿಕೊಳ್ಳುವ ಕಾಲಂ.

ಮೊದಲ ವಾರವೇ ಗೊತ್ತಾಗಬೇಕಿತ್ತು. ಸರ್‌ನೇಮ್ ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. ಕೇಳಿದರೆ, "ಅದು ಡೀಫಾಲ್ಟ್ ಫೀಲ್ಡ್ ಸರ್, ತೆಗೆಯೋಕಾಗಲ್ಲ, ಒಂದು ಚುಕ್ಕಿ ಹಾಕಿ." ಡೀಫಾಲ್ಟ್ ಅಂದರೆ ಸಾಫ್ಟ್‌ವೇರಿನಲ್ಲಿ ಮೊದಲೇ ಇರುವ ಕಾಲಂ. ಚುಕ್ಕಿ ಹಾಕಿದೆವು. ಹಳೆಯ ವಿಳಾಸಗಳು ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದವು, ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಅಲ್ಲ, ಅಪ್‌ಲೋಡ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದವು. ಇಬ್ಬರು ಹುಡುಗರು ಮೂರು ಭಾನುವಾರ ಕೂತು ಎಲ್ಲ ಹೊಸದಾಗಿ ಟೈಪ್ ಮಾಡಿದರು. ಅದನ್ನೂ ಸಹಿಸಿಕೊಂಡೆವು.

ಸದಸ್ಯತ್ವದ ಬಗೆ, ವಾಯಿದೆ ದಿನಾಂಕ ಎರಡನ್ನೂ ಅವರ ಕಡೆಯವನೇ ಸ್ಕ್ರೀನ್ ಶೇರ್ ಮಾಡಿಸಿಕೊಂಡು ಸೆಟ್ ಮಾಡಿಕೊಟ್ಟಿದ್ದ. ಎರಡೂ ಟೆಕ್ಸ್ಟ್ ಟೈಪ್, ಅಂದರೆ ದಿನಾಂಕ ಹಾಕಿದರೂ ಸಾಫ್ಟ್‌ವೇರಿಗೆ ಅದು ಬರೀ ಅಕ್ಷರ. ನಮಗೇನು ಗೊತ್ತು? ಸರ್ವ ಸದಸ್ಯರ ಸಭೆಗೆ ಮುಂಚೆ ಚಂದಾ ಬಾಕಿ ಇರುವವರಿಗೆ ರಿಮೈಂಡರ್ ಕಳಿಸಲು ಹೋದರೆ ಒಂದೂ ಹೋಗಲಿಲ್ಲ. ಫೋನ್ ಮಾಡಿದೆ.

"ಟೆಕ್ಸ್ಟ್ ಫೀಲ್ಡ್ ಮೇಲೆ ರಿಮೈಂಡರ್ ಹೋಗಲ್ಲ ಸರ್, ಡೇಟ್ ಟೈಪ್ ಇರಬೇಕು."

ಸರಿ, ಬದಲಾಯಿಸಿ ಅಂದೆ.

"ಒಂದ್ಸಲ ಮಾಡಿದ ಮೇಲೆ ಟೈಪ್ ಚೇಂಜ್ ಮಾಡೋಕೆ ಬರಲ್ಲ. ಡಿಲೀಟ್ ಮಾಡಿ ಹೊಸದು ಮಾಡ್ಕೊಳ್ಳಿ. ಮೊದಲು ಎಕ್ಸ್‌ಪೋರ್ಟ್ ತಗೊಳ್ಳಿ, ಆಮೇಲೆ ವಾಪಸ್ ಅಪ್‌ಲೋಡ್ ಮಾಡಿದ್ರಾಯ್ತು."

ಅವರು ಹೇಳಿದ ಹಾಗೇ ಮಾಡಿದೆ. ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ಮಾಹಿತಿಯನ್ನು ಒಂದು ಫೈಲಾಗಿ ಇಳಿಸಿಕೊಂಡೆ, ಫೈಲ್ ತೆರೆದೆ, 612 ಸಾಲು ಇತ್ತು, ಸರಿ ಅಂದುಕೊಂಡೆ. ಎರಡೂ ಫೀಲ್ಡ್ ಡಿಲೀಟ್ ಮಾಡಿದೆ. ಹೊಸದು ಮಾಡಿ, ಮತ್ತೆ ಆ ಫೈಲಿಗೆ ಹೋಗಿ ಬಲಗಡೆಗೆ ಸರಿಸುತ್ತಾ ಹೋದೆ. ಹೆಸರು, ಚುಕ್ಕಿ, ಫೋನ್, ಇಮೇಲ್, ವಿಳಾಸ, ಪಿನ್‌ಕೋಡ್. ಅಷ್ಟೇ. ಅಲ್ಲಿಂದಾಚೆ ಖಾಲಿ. ನಾವು ಸೇರಿಸಿದ್ದ ಒಂದು ಕಾಲಂ ಕೂಡ ಬಂದಿರಲಿಲ್ಲ. ಕೈ ತಣ್ಣಗಾಯಿತು.

ಮತ್ತೆ ಫೋನ್. ಈಗ ಹೇಳುತ್ತಾನೆ, "ನಿಮ್ಮ ಪ್ಲಾನ್‌ನಲ್ಲಿ ಡೀಫಾಲ್ಟ್ ಫೀಲ್ಡ್ ಮಾತ್ರ ಎಕ್ಸ್‌ಪೋರ್ಟ್ ಆಗುತ್ತೆ ಸರ್, ಕಸ್ಟಮ್ ಬೇಕಂದ್ರೆ ಮೇಲಿನ ಪ್ಲಾನ್ ತಗೋಬೇಕು." ಬ್ಯಾಕಪ್ ಇಲ್ವಾ? "ಡಿಲೀಟ್ ಆದ ಫೀಲ್ಡ್ ವಾಪಸ್ ಬರಲ್ಲ. ಕನ್ಫರ್ಮ್ ಅಂತ ನೀವೇ ಒತ್ತಿದ್ದೀರಲ್ಲ ಸರ್."

ನೀವೇ ಒತ್ತಿದ್ದೀರಲ್ಲ ಸರ್! ಒತ್ತಿ ಅಂದವರು ಯಾರು? ಎಕ್ಸ್‌ಪೋರ್ಟ್ ತಗೊಳ್ಳಿ ಅಂದಾಗ ಅದರಲ್ಲಿ ನಮ್ಮ ಕಾಲಂ ಬರುವುದಿಲ್ಲ ಅನ್ನುವ ಒಂದು ಮಾತು ಹೇಳಲು ಏನಾಗಿತ್ತು?

ಸಭೆಗೆ ನಾಲ್ಕೇ ದಿನ. ಹಳೆ ಎಕ್ಸೆಲ್ ಜನವರಿಯದು, ಆಮೇಲಿನ ನವೀಕರಣ ಎಲ್ಲ ನೇರ ಸಾಫ್ಟ್‌ವೇರಿಗೇ ಹೋಗಿತ್ತು. ರಸೀದಿ ಪುಸ್ತಕದ ಅಡಿಪ್ರತಿ ಇಟ್ಟುಕೊಂಡು ರಾತ್ರಿಯೆಲ್ಲ ಕೂತೆವು. ಆಜೀವ ಸದಸ್ಯತ್ವದ ರಸೀದಿ ಪುಸ್ತಕ ಮಾತ್ರ ಖಜಾಂಚಿಗಳ ಹತ್ತಿರ, ಅವರು ಊರಲ್ಲಿರಲಿಲ್ಲ.

ಸಭೆಯ ದಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದೆ. ನಮ್ಮ ಬೈಲಾದಂತೆ ಚಂದಾ ಬಾಕಿ ಇದ್ದವರಿಗೆ ಮತ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರು ಬಂದರು, ಸಂಘ ಶುರುವಾದ ದಿನದಿಂದ ಇದ್ದವರು. ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರು ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು, ಒಳಗೆ ನಾಲ್ಕು ಮಡಿಕೆ ಮಾಡಿದ ರಸೀದಿ. ಬಿಡಿಸಿ ತೋರಿಸಿದರು. ಏಪ್ರಿಲ್‌ನಲ್ಲಿ ಆಜೀವ ಸದಸ್ಯತ್ವಕ್ಕೆ 5,000 ಕಟ್ಟಿದ್ದರು. "ಇದು ನಿನ್ನ ಸಹಿನೇ ಅಲ್ವೇನಪ್ಪಾ?" ಅಂದರು. ಜೋರು ಮಾಡಲಿಲ್ಲ. ಅಷ್ಟು ಜನರ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ. ಕ್ಷಮೆ ಕೇಳಿ ಒಳಗೆ ಕರೆದುಕೊಂಡು ಹೋದೆ, ಅವರು ಕೊನೆ ಸಾಲಿನಲ್ಲಿ ಕೂತರು.

ಕಂಪನಿಗೆ ದೊಡ್ಡ ಇಮೇಲ್ ಬರೆದೆ. "ನಿಮ್ಮ ಫೀಡ್‌ಬ್ಯಾಕ್ ತಗೊಂಡಿದ್ದೇವೆ" ಅಂತ ಎರಡು ಸಾಲು ಬಂತು. ದುಡ್ಡು ವಾಪಸ್ ಇಲ್ಲ. ಮಾರನೇ ದಿನ ಮೇಲಿನ ಪ್ಲಾನಿಗೆ ಡಿಸ್ಕೌಂಟ್ ಅಂತ ಮೆಸೇಜ್!

ದುಡ್ಡು ಕೊಡುವ ಮುಂಚೆ ಟ್ರಯಲ್‌ನಲ್ಲಿ ಸುಮ್ನೆ ಹತ್ತು ಹೆಸರು ಹಾಕಿ, ನಿಮ್ಮ ಫೀಲ್ಡ್ ಮಾಡಿ, ಎಕ್ಸ್‌ಪೋರ್ಟ್ ತೆಗೆದು ಕೊನೆಯ ಕಾಲಂವರೆಗೂ ನೋಡಿ. ಕನ್ನಡ ಅಕ್ಷರ ಪ್ರಶ್ನಾರ್ಥಕ ಚಿಹ್ನೆ ಆಗಿದೆಯಾ ನೋಡಿ. ದಿನಾಂಕ ಮೊದಲ ದಿನದಿಂದಲೇ ಡೇಟ್ ಟೈಪ್ ಇರಲಿ, ಸದಸ್ಯತ್ವದ ಬಗೆ ಡ್ರಾಪ್‌ಡೌನ್ ಇರಲಿ, ಅಂದರೆ ಪಟ್ಟಿಯಿಂದ ಆರಿಸುವಂಥದ್ದು. ಅವರು ಬಾಯಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ, "ಆಗುತ್ತೆ ಸರ್" ಅನ್ನುವುದಕ್ಕೆ ಬೆಲೆ ಇಲ್ಲ. ರಿಜಿಸ್ಟರ್ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ನಮ್ಮಲ್ಲಿ ಇನ್ನೂ 23 ಜನರ ರಸೀದಿ ತಾಳೆ ಆಗಿಲ್ಲ. ಈ ಭಾನುವಾರ ಅವರ ಮನೆಗಳಿಗೇ ಹೋಗುತ್ತಿದ್ದೇವೆ, ಮೊದಲು ಮೇಷ್ಟ್ರ ಮನೆಗೆ.