ಮರುಪಾವತಿ, ಮುಂಗಡ, ಕಂತು: ಸಮುದಾಯ ಸಂಸ್ಥೆಗೆ ಯಾವ ಒಪ್ಪಂದ ಒಗ್ಗುತ್ತದೆ?

ವಿಶ್ವವಿದ್ಯಾಲಯದ ಸಂಶೋಧನೆಗೆ ಕೈಜೋಡಿಸುವ ಸಣ್ಣ ಸಂಸ್ಥೆ ಮೊದಲು ಕೇಳಬೇಕಾದ್ದು ಅನುದಾನ ಎಷ್ಟು ಅಂತಲ್ಲ, ಹಣ ಯಾವಾಗ ಕೈಗೆ ಬರುತ್ತದೆ ಅಂತ. ಮೂರೂ ಬಗೆಯ ಒಪ್ಪಂದಗಳಲ್ಲಿ ಲೆಕ್ಕ ಬರೆದು ನೋಡಿದ್ದೇವೆ.

ವಿಶ್ವವಿದ್ಯಾಲಯದ ಕಚೇರಿಗಳು ಮೊದಲು ಮುಂದಿಡುವುದು ಮರುಪಾವತಿ: ಮೊದಲು ನೀವು ಖರ್ಚು ಮಾಡಿ, ಆಮೇಲೆ ಬಿಲ್ ಕೊಟ್ಟು ಹಣ ಪಡೆಯುವುದು. ಸಣ್ಣವರಿಗೆ ಇದೇ ಅತಿ ಕಷ್ಟದ್ದು. ತಿಂಗಳ ಖರ್ಚು 100 ಎಂದಿಟ್ಟುಕೊಳ್ಳಿ. ಜನವರಿ ಖರ್ಚಿನ ಬಿಲ್ಲನ್ನು ಫೆಬ್ರವರಿ 10ಕ್ಕೆ ಕಳಿಸಿ, 45 ದಿನಕ್ಕೆ ಹಣ ಬಂದರೆ ಅಷ್ಟೊತ್ತಿಗೆ ಮಾರ್ಚ್ 27. ಆವರೆಗೆ ಮೂರು ತಿಂಗಳ ಖರ್ಚು, ಅಂದರೆ 300, ಸಂಸ್ಥೆಯ ಗಂಟಿನಿಂದಲೇ ಹೋಗಬೇಕು. ಬಿಲ್ ವಾಪಸ್ ಬಂದರೆ ದಿನಗಳ ಎಣಿಕೆ ಮತ್ತೆ ಒಂದರಿಂದ. ವಾಪಸ್ ಬರುವುದು ಬಹುಪಾಲು ಚಿಕ್ಕ ಕಾರಣಗಳಿಗೆ: ಒಪ್ಪಂದದ ಸಂಖ್ಯೆ ಬರೆದಿಲ್ಲ, ರಸೀದಿಯ ದಿನಾಂಕ ಬಿಲ್ಲಿನ ಅವಧಿಯ ಹೊರಗಿದೆ, ಸಂಬಳಕ್ಕೆ ತಕ್ಕ ಟೈಮ್‌ಶೀಟ್ (ಕೆಲಸದ ಗಂಟೆಗಳ ಪಟ್ಟಿ) ಇಲ್ಲ.

ಮುಂಗಡದಲ್ಲಿ ಆ ಉಸಿರುಗಟ್ಟುವಿಕೆ ಇಲ್ಲ, ಶಿಸ್ತು ಮಾತ್ರ ಇಮ್ಮಡಿ ಬೇಕು. ಯೋಜನೆಗೆ ಪ್ರತ್ಯೇಕ ಲೆಡ್ಜರ್ ಇರಲಿ. ಬೇರೆ ಬ್ಯಾಂಕ್ ಖಾತೆಯಾದರೆ ಇನ್ನೂ ಒಳ್ಳೆಯದು. ಮೊದಲ ಮುಂಗಡದ ಲೆಕ್ಕ ಒಪ್ಪಿಸದೆ ಸಾಮಾನ್ಯವಾಗಿ ಎರಡನೆಯದು ಬಿಡುಗಡೆಯಾಗುವುದಿಲ್ಲ, ಉಳಿದದ್ದನ್ನು ಹಿಂತಿರುಗಿಸಬೇಕು. ಈ ಹಣದಿಂದ ಇನ್ನೊಂದು ಯೋಜನೆಯ ಸಂಬಳ ಕೊಟ್ಟು ಆಮೇಲೆ ಸರಿಮಾಡೋಣ ಅಂದುಕೊಂಡರೆ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಖಚಿತ.

ನಮ್ಮ ಒಲವು ಕಂತಿನ ಕಡೆಗೆ, ಅಂದರೆ ಮೊದಲೇ ಗೊತ್ತುಮಾಡಿದ ಮೊತ್ತವನ್ನು ಕೆಲಸದ ಹಂತಕ್ಕೆ ತಕ್ಕಂತೆ ಪಡೆಯುವುದು. ಉದಾಹರಣೆಗೆ, ಸಹಿಯಾದಾಗ ಶೇ 30, ಅರ್ಧದಷ್ಟು ಸಂದರ್ಶನಗಳು ಮುಗಿದಾಗ ಶೇ 40, ಮಾಹಿತಿ ಒಪ್ಪಿಸಿದಾಗ ಉಳಿದದ್ದು. ಪ್ರತಿ ರಸೀದಿ ಕಳಿಸುವ ಗೋಜಿಲ್ಲ. ಆದರೆ ಖರ್ಚು ಮೀರಿದರೆ ನಷ್ಟ ನಿಮ್ಮದೇ. ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಅನುಮತಿಯಂಥ, ನಿಮ್ಮ ಕೈಯಲ್ಲಿಲ್ಲದ ಸಂಗತಿಗೆ ಕಂತನ್ನು ಕಟ್ಟಿಹಾಕಬೇಡಿ. ಅದು ತಡವಾದಷ್ಟೂ ನಿಮ್ಮ ಸಿಬ್ಬಂದಿ ಸಂಬಳಕ್ಕಾಗಿ ಕಾಯುತ್ತಾರೆ.

ಯಾವುದನ್ನೇ ಆರಿಸಿ, ಬಾಡಿಗೆ, ವಿದ್ಯುತ್, ಲೆಕ್ಕಿಗರ ಸಮಯದಂಥ ಪರೋಕ್ಷ ವೆಚ್ಚವನ್ನು ಬಜೆಟ್ಟಿನಲ್ಲಿ ಕೇಳಿಯೇ ಕೇಳಿ. ಅಮೆರಿಕದ ಫೆಡರಲ್ ಅನುದಾನಗಳಲ್ಲಿ, ಪರೋಕ್ಷ ವೆಚ್ಚದ ಸ್ವಂತ ದರ ನಿಗದಿಯಾಗದ ಸಂಸ್ಥೆ ಆ ವೆಚ್ಚಕ್ಕೆ ಹಾಕಬಹುದಾದ ಮಿತಿ 2024ರ ಅಕ್ಟೋಬರ್‌ನಲ್ಲಿ ಶೇ 10ರಿಂದ 15ಕ್ಕೆ ಏರಿದೆ.

ಭಾಗವಹಿಸಿದವರಿಗೆ ಕೊಡುವ ಗೌರವಧನದ ಬಗ್ಗೆ ಇನ್ನೊಂದು ಮಾತು. ಲೆಕ್ಕ ವಿಭಾಗ ಹೆಸರು, ಸಹಿ ಕೇಳುತ್ತದೆ. ಸಂಶೋಧನೆ ಗೋಪ್ಯತೆಯ ಮಾತು ಕೊಟ್ಟಿರುತ್ತದೆ. ಕೋಡ್ ಸಂಖ್ಯೆ, ದಿನಾಂಕ, ಮೊತ್ತ, ಕೊಟ್ಟವರ ಸಹಿ ಇಷ್ಟಿರುವ ಹಾಳೆ ಸಾಕು ಎಂದು ಒಪ್ಪಂದಕ್ಕೆ ಮುಂಚೆಯೇ ಬರಹದಲ್ಲಿ ಒಪ್ಪಿಸಿಕೊಳ್ಳಿ. ಹೆಸರು-ಕೋಡ್ ಪಟ್ಟಿ ಬೇರೆ ಬೀಗದಲ್ಲಿರಲಿ.