ಜೋನ್ ಚಿತ್ರ: ಗಾಯನದೊಂದಿಗೋ, ಪಿಯಾನೊದೊಂದಿಗೋ, ಮೌನದಲ್ಲೋ?
ಕಾರ್ಲ್ ಡ್ರೈಯರ್ ಮಾಡಿದ ಮೂಕಿ ಚಿತ್ರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ (1928) ಹಲವು ರೂಪಗಳಲ್ಲಿ ಸಿಗುತ್ತದೆ. ಒಂದು ರೂಪ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ವೇಗದಲ್ಲಿ ಓಡಿದರೆ ಇನ್ನೊಂದು 20. ಒಂದಕ್ಕೆ ಗಾಯನವೃಂದ, ಇನ್ನೊಂದಕ್ಕೆ ಪಿಯಾನೊ. ದನಿ ಪೂರ್ತಿ ಮುಚ್ಚಿಯೂ ನೋಡಬಹುದು. ನಾನು ಈ ಮೂರೂ ರೀತಿ ನೋಡಿದ್ದೇನೆ. ಯಾವುದು ಮೇಲು ಎಂದು ಅಳೆಯಲು ನನಗೆ ಒಂದೇ ದೃಶ್ಯ ಸಾಕು.

ಜೋನ್ ಹದಿನೈದನೇ ಶತಮಾನದ ಫ್ರೆಂಚ್ ಹುಡುಗಿ; ದೇವರು ತನ್ನನ್ನು ಕಳಿಸಿದ ಅಂದದ್ದಕ್ಕೆ ಚರ್ಚಿನ ನ್ಯಾಯಾಧೀಶರ ಮುಂದೆ ನಿಂತವಳು. ಬೆಂಕಿಗೆ ಹೆದರಿ, ದಣಿದು, ಅವಳು ತಪ್ಪೊಪ್ಪಿಗೆಗೆ ಸಹಿ ಹಾಕುತ್ತಾಳೆ. ಜೀವ ಉಳಿಯುತ್ತದೆ. ಸೆರೆಮನೆಯಲ್ಲಿ ಅವಳ ಕೂದಲು ಕತ್ತರಿಸುತ್ತಾರೆ. ಕೂದಲು ಗುಡಿಸುವಾಗ ಅವಳೇ ಹೆಣೆದ ಹುಲ್ಲಿನ ಕಿರೀಟವೂ ಕಸದ ಜೊತೆ ಹೋಗುತ್ತದೆ. ಅದನ್ನು ನೋಡಿ ಅವಳು ನ್ಯಾಯಾಧೀಶರನ್ನು ಮತ್ತೆ ಕರೆಸುತ್ತಾಳೆ. ಜೀವ ಉಳಿಸಿಕೊಳ್ಳಲು ದೇವರನ್ನೇ ಅಲ್ಲಗಳೆದೆ ಅನ್ನುತ್ತಾಳೆ. ಇತಿಹಾಸದಲ್ಲಿ 1431ರ ಮೇ 24ರಂದು ಫ್ರಾನ್ಸಿನ ರುವಾನ್ ಊರಿನಲ್ಲಿ ತಪ್ಪೊಪ್ಪಿಗೆ, 30ರಂದು ಬೆಂಕಿ. ಡ್ರೈಯರ್ ಇದನ್ನೆಲ್ಲ ಒಂದೇ ಉಸಿರಿಗೆ ತಂದಿದ್ದಾನೆ.

ಸಂಗೀತಕಾರ ರಿಚರ್ಡ್ ಐನ್‌ಹಾರ್ನ್‌ರ ಗಾಯನವೃಂದದ ಕೃತಿ ‘ವಾಯ್ಸಸ್ ಆಫ್ ಲೈಟ್’ (1994) ಇರುವ 24 ಫ್ರೇಮ್‌ನ ರೂಪ ಎಲ್ಲಕ್ಕಿಂತ ಜಾಸ್ತಿ ಹೆಸರು ಮಾಡಿದೆ. ಜೋನ್‌ಳ ಹುಟ್ಟೂರು ಡಾಮ್ರೆಮಿಯ ಚರ್ಚಿನ ಗಂಟೆಯ ಸದ್ದನ್ನೂ ಅವರು ಇದರಲ್ಲಿ ಸೇರಿಸಿದ್ದಾರೆ. ಬರೀ ಸಂಗೀತವಾಗಿ ಕೇಳಿದರೂ ಕಣ್ಣು ತೇವವಾಗುತ್ತದೆ. ನನ್ನ ತಕರಾರೂ ಅಲ್ಲೇ ಇದೆ. ಜೋನ್ ಇನ್ನೂ ತಡಕಾಡುತ್ತಿರುವಾಗಲೇ ಗಾಯನ ನಮ್ಮನ್ನು ಸ್ವರ್ಗದ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಅವಳ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

20 ಫ್ರೇಮ್‌ನಲ್ಲಿ ಚಿತ್ರ ಸುಮಾರು 15 ನಿಮಿಷ ಉದ್ದವಾಗುತ್ತದೆ. ಯಾವ ವೇಗ ಸರಿ ಅನ್ನುವ ಜಗಳ ತಿಳಿದವರಲ್ಲೇ ಇನ್ನೂ ಮುಗಿದಿಲ್ಲ. ನನಗೆ ಇದೇ ಸರಿ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿಯ ಮೇಕಪ್ ಇಲ್ಲದ ಮುಖದಲ್ಲಿ ನಾಚಿಕೆ ಮೊದಲು, ಅರಿವು ಆಮೇಲೆ ಬರುವುದು ಬಿಡಿಬಿಡಿಯಾಗಿ ಕಾಣುತ್ತದೆ. ವೇಗ ಹೆಚ್ಚಾದರೆ ಇವೆರಡೂ ಒಂದಾಗಿಬಿಡುತ್ತವೆ. ಈ ರೂಪಕ್ಕೆ ಮಿಯೆ ಯನಾಶಿತಾ ಅವರು ನುಡಿಸಿದ ಪಿಯಾನೊ ಕೂಡ ಆ ಮುಖದ ಹಿಂದೆಯೇ ನಡೆಯುತ್ತದೆ, ಮುಂದೆ ಓಡುವುದಿಲ್ಲ.

ಸಂಗೀತವೇ ಇಲ್ಲದೆ ನೋಡುವುದು ಕಷ್ಟ. ಮೊದಲ ಅರ್ಧ ಗಂಟೆ ಮನಸ್ಸು ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ತುಟಿಗಳ ಚಲನೆ, ನ್ಯಾಯಾಧೀಶರ ಗಲ್ಲದ ನರುಲಿ ಎಲ್ಲ ಕಾಣತೊಡಗುತ್ತವೆ. ಕೂದಲು ಕತ್ತರಿಸುವ ದೃಶ್ಯದಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಅವಳಷ್ಟೇ ಒಂಟಿಯಾಗಿ ನಾವೂ ಕೂತಿರುತ್ತೇವೆ. ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಇದೇ.

ಬಾಕ್, ವಿವಾಲ್ಡಿ ಸಂಗೀತ ಅಂಟಿಸಿದ 1952ರ ರೂಪವನ್ನು ಬಿಟ್ಟುಬಿಡಿ, ಡ್ರೈಯರ್‌ಗೇ ಅದು ಹಿಡಿಸಿರಲಿಲ್ಲ. ಮೂಲ ನೆಗೆಟಿವ್ ಬೆಂಕಿಯಲ್ಲಿ ಹೋಯಿತು. 1981ರಲ್ಲಿ ಓಸ್ಲೋದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ಕ ಪ್ರತಿಯಿಂದ ಬಂದ ರೂಪವನ್ನೇ ನೋಡಿ. ಮೊದಲ ಸಲಕ್ಕೆ 20 ಫ್ರೇಮ್ ಮತ್ತು ಪಿಯಾನೊ. ಎರಡನೇ ಸಲ ದನಿ ಮುಚ್ಚಿ. ಐನ್‌ಹಾರ್ನ್ ಅದಾದ ಮೇಲೆ ಇರಲಿ.