ಸೆಲ್ ಸಿಗ್ನಲಿಂಗ್ 9860 ಕಿಟ್: ಫ್ರೋಜನ್ ಸೆಕ್ಷನ್‌ಗೆ ಒಳ್ಳೆಯದು, ಪ್ಯಾರಾಫಿನ್ ಬ್ಲಾಕ್‌ಗೆ ಬೇಡ

ವಿಭಜನೆ ನಿಲ್ಲಿಸಿ ಮುಪ್ಪಾದ ಕೋಶಗಳನ್ನು ಅಂಗಾಂಶದಲ್ಲಿ ಹುಡುಕಲು ಬಹುತೇಕ ಲ್ಯಾಬ್‌ಗಳು ಮೊದಲು ಮಾಡುವುದು ಬೀಟಾ-ಗ್ಯಾಲಕ್ಟೊಸಿಡೇಸ್ ಸ್ಟೇನಿಂಗ್. 1995ರಲ್ಲಿ ಬಂದ ವಿಧಾನವಿದು; ಸೆಲ್ ಸಿಗ್ನಲಿಂಗ್ ಕಂಪನಿಯ 9860 ಕಿಟ್ ಇದಕ್ಕೇ ಇರುವುದು. ಬೀಟಾ-ಗ್ಯಾಲಕ್ಟೊಸಿಡೇಸ್ ಕೋಶದ ಕಸ ಕರಗಿಸುವ ಚೀಲವಾದ ಲೈಸೊಸೋಮಿನ ಕಿಣ್ವ; ಅದಕ್ಕೆ ಹೊಂದುವುದು ಪಿಎಚ್ 4ರ ಆಸುಪಾಸು. ಮುಪ್ಪಾದ ಕೋಶದಲ್ಲಿ ಅದು ಎಷ್ಟು ತುಂಬಿರುತ್ತದೆಂದರೆ ಪಿಎಚ್ 6ರಲ್ಲೂ ಎಕ್ಸ್-ಗ್ಯಾಲ್ ಎಂಬ ರಾಸಾಯನಿಕ ಒಡೆದು ನೀಲಿ ಬಣ್ಣ ಬರುತ್ತದೆ.

ಕಿಟ್‌ನ ಮಿಶ್ರಣ ಸುಲಭ. 1 ಮಿ.ಲೀ.ಗೆ 930 ಮೈಕ್ರೊಲೀಟರ್ 1ಎಕ್ಸ್ ಸ್ಟೇನಿಂಗ್ ದ್ರಾವಣ, ಎ ಮತ್ತು ಬಿ ದ್ರಾವಣ ತಲಾ 10 ಮೈಕ್ರೊಲೀಟರ್, 20 ಮಿ.ಗ್ರಾಂ/ಮಿ.ಲೀ. ಸಾಂದ್ರತೆಯ ಎಕ್ಸ್-ಗ್ಯಾಲ್ 50 ಮೈಕ್ರೊಲೀಟರ್. 10ಎಕ್ಸ್ (ಹತ್ತು ಪಟ್ಟು ಗಾಢ) ಸ್ಟೇನಿಂಗ್ ದ್ರಾವಣದ ಬಾಟಲಿಯ ತಳದಲ್ಲಿ ಹರಳು ಕಂಡರೆ 37 ಡಿಗ್ರಿಗೆ ಬಿಸಿ ಮಾಡಿ, ಪೂರ್ತಿ ಕರಗುವವರೆಗೆ ಅಲ್ಲಾಡಿಸಿ. ಎಕ್ಸ್-ಗ್ಯಾಲ್‌ಗೆ ಪಾಲಿಪ್ರೊಪಿಲೀನ್ ಅಥವಾ ಗಾಜಿನ ಟ್ಯೂಬೇ ಬೇಕು, ಪಾಲಿಸ್ಟೈರೀನ್ ಬೇಡ.

ಫಲಿತಾಂಶ ಕೆಡುವುದು ಹೆಚ್ಚಾಗಿ ಪಿಎಚ್‌ನಿಂದ. ಕೊನೆಯ ಮಿಶ್ರಣ 5.9ರಿಂದ 6.1ರೊಳಗೆ ಇರಬೇಕು, ಪೇಪರ್ ಸಾಲದು, ಮೀಟರಿನಲ್ಲೇ ನೋಡಿ. ಕೆಳಗಿಳಿದರೆ ಎಳೆಯ ಕೋಶಗಳೂ ನೀಲಿಯಾಗುತ್ತವೆ, ಮೇಲೇರಿದರೆ ಮುಪ್ಪಾದವೂ ಮಂಕಾಗುತ್ತವೆ. ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಿನಲ್ಲಿ ಇಡಬಾರದೆನ್ನುವುದೂ ಇದಕ್ಕೇ: ಅನಿಲ ಕರಗಿ ಪಿಎಚ್ ಇಳಿಯುತ್ತದೆ.

ಕೈಪಿಡಿಯ ಅಳತೆಗಳು ಪ್ಲೇಟಿನಲ್ಲಿ ಬೆಳೆಸಿದ ಕೋಶಗಳಿಗೆ. ಅಂಗಾಂಶಕ್ಕೆ ನಾವೇ ಹೊಂದಿಸಿಕೊಳ್ಳಬೇಕು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್ ಆಗುವುದಿಲ್ಲ, ಬಿಸಿಗೂ ದ್ರಾವಕಕ್ಕೂ ಕಿಣ್ವ ಸತ್ತಿರುತ್ತದೆ. ತಾಜಾ ಅಂಗಾಂಶವನ್ನು ಒಸಿಟಿ ಎಂಬ ಅಂಟುದ್ರವದಲ್ಲಿಟ್ಟು ಹೆಪ್ಪುಗಟ್ಟಿಸಿ, ಕ್ರಯೊಸ್ಟಾಟ್ ಎಂಬ ಶೀತ ಯಂತ್ರದಲ್ಲಿ ತೆಳುವಾಗಿ ಕತ್ತರಿಸಿ (ಇದೇ ಫ್ರೋಜನ್ ಸೆಕ್ಷನ್), ತಡಮಾಡದೆ ಸ್ಟೇನ್ ಮಾಡಿ. ಫಿಕ್ಸಿಂಗ್ (ಅಂಗಾಂಶವನ್ನು ರಾಸಾಯನಿಕದಿಂದ ಸ್ಥಿರಗೊಳಿಸುವುದು) 10–15 ನಿಮಿಷ ದಾಟಬಾರದು. ಸ್ಲೈಡಿನ ಮೇಲೆ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟರೆ ಒಣಗಿ ಹರಳು ಕಟ್ಟುತ್ತದೆ. ಸ್ಲೈಡ್ ನಿಲ್ಲಿಸುವ ಕಾಪ್ಲಿನ್ ಜಾರಿನಲ್ಲಿ ಮುಳುಗಿಸಿ ಪ್ಯಾರಾಫಿಲ್ಮ್ ಸುತ್ತುವುದೇ ಕ್ಷೇಮ. ಹರಳು ಸೂಜಿಯಂತೆ ಕೋಶದ ಹೊರಗೂ ಚಾಚಿರುತ್ತದೆ. ನಿಜವಾದ ಬಣ್ಣ ನ್ಯೂಕ್ಲಿಯಸ್ ಸುತ್ತ ಪುಡಿಪುಡಿಯಾಗಿ ಕೂತಿರುತ್ತದೆ.

ನೀಲಿಯಾದದ್ದೆಲ್ಲ ಮುಪ್ಪಲ್ಲ. ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶ, ಮೂತ್ರಪಿಂಡದ ಪ್ರಾಕ್ಸಿಮಲ್ ನಾಳ, ಕರುಳಿನ ಒಳಪದರ ಆರೋಗ್ಯವಾಗಿದ್ದರೂ ನೀಲಿಯಾಗಬಲ್ಲವು. ಎಳೆಯ ಪ್ರಾಣಿಯ ಅದೇ ಅಂಗಾಂಶ ಮತ್ತು ಎಕ್ಸ್-ಗ್ಯಾಲ್ ಇಲ್ಲದ ಸ್ಲೈಡ್ ಜೊತೆಗಿರಲಿ. ಪಕ್ಕದ ಸೆಕ್ಷನ್‌ಗಳಲ್ಲಿ ವಿಭಜನೆ ತಡೆಯುವ ಪ್ರೋಟೀನ್‌ಗಳಾದ ಪಿ16, ಪಿ21 ಮತ್ತು ವಿಭಜಿಸುವ ಕೋಶದ ಗುರುತಾದ ಕೆಐ-67 ನೋಡಿ. ಇವಿಲ್ಲದೆ ಬರೀ ನೀಲಿ ಚಿತ್ರ ತೋರಿಸಿದರೆ ನಾವಂತೂ ಒಪ್ಪುವುದಿಲ್ಲ.

ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳೇ ಇದ್ದರೆ ಮುಪ್ಪಾದ ಕೋಶದಲ್ಲಿ ಕೂಡುವ ಲಿಪೊಫಸಿನ್ ಎಂಬ ಕಸವನ್ನು ಹಿಡಿಯುವ, ಬಯೊಟಿನ್ ಜೋಡಿಸಿದ ಸುಡಾನ್ ಬ್ಲ್ಯಾಕ್ ಮಾದರಿಯ ರಾಸಾಯನಿಕಕ್ಕೆ ಹಣ ಹಾಕಿ. ತಿಂಗಳಿಗೆ ಹತ್ತಾರು ಸ್ಲೈಡ್ ಮಾಡುವವರು ಸಿಟ್ರಿಕ್ ಆಮ್ಲ-ಫಾಸ್ಫೇಟ್ ಬಫರನ್ನು ತಾವೇ ತಯಾರಿಸಿಕೊಂಡರೆ ಖರ್ಚು ಇಳಿಯುತ್ತದೆ. ಅಪರೂಪಕ್ಕೆ ಮಾಡುವವರಿಗೆ ಈ ಕಿಟ್ಟೇ ಸರಿ.